ಎರಡು ಕೊಡೆ ಕೋಶಗಳು ನಿಜಕ್ಕೂ ಮಾತಾಡಿಕೊಳ್ಳುತ್ತಿವೆಯೇ? ರೆಟಿನಾದ ಜೋಡಿ ಸ್ಪೈಕ್‌ಗಳನ್ನು ಅಳೆಯುವ ಸಮಗ್ರ ಮಾರ್ಗದರ್ಶಿ

ಆಗಾಗ ಯಾರಾದರೊಬ್ಬ ವಿದ್ಯಾರ್ಥಿ ನನಗೊಂದು ಗ್ರಾಫ್ ಕಳಿಸುತ್ತಾರೆ. ಕೋತಿಯ ರೆಟಿನಾದ ಎರಡು ನರಕೋಶಗಳ ಸ್ಪೈಕ್‌ಗಳನ್ನು ಹೋಲಿಸಿದ ಗ್ರಾಫ್. ರೆಟಿನಾ ಎಂದರೆ ಕಣ್ಣಿನೊಳಗೆ ಬೆಳಕು ಹಿಡಿಯುವ ಪದರ. ಸ್ಪೈಕ್ ಎಂದರೆ ನರಕೋಶ "ಸಿಡಿದಾಗ" ಹೊರಡುವ ಕ್ಷಣಿಕ ವಿದ್ಯುತ್ ಮಿಡಿತ. ಮಧ್ಯದಲ್ಲಿ, ಸೊನ್ನೆಯ ಮೇಲೆ, ಅಂದರೆ ಎರಡೂ ಒಂದೇ ಕ್ಷಣಕ್ಕೆ ಸಿಡಿದ ಜಾಗದಲ್ಲಿ, ಎತ್ತರದ ದಿಬ್ಬ. ಕೆಳಗೆ ಒಂದೇ ಪ್ರಶ್ನೆ: "ಇವೆರಡಕ್ಕೂ ಕನೆಕ್ಷನ್ ಇದೆ, ಅಲ್ವಾ?"

ಹತ್ತರಲ್ಲಿ ಏಳೆಂಟು ಸಲ ಆ ಗ್ರಾಫ್ ನೋಡಿ ಹಾಗೆ ಹೇಳಲು ಬರುವುದಿಲ್ಲ. ಮಳೆ ಬಂದಾಗ ಬೀದಿಯಲ್ಲಿ ಎಲ್ಲರೂ ಒಟ್ಟಿಗೆ ಕೊಡೆ ಬಿಚ್ಚುತ್ತಾರೆ. ಅವರು ಮಾತಾಡಿಕೊಂಡು ಬಿಚ್ಚಿದ್ದೇನಲ್ಲ. ರೆಟಿನಾದಲ್ಲೂ ಎರಡು ಕೋಶಗಳು ಒಟ್ಟಿಗೆ ಸಿಡಿಯಲು ನಾಲ್ಕು ಕಾರಣಗಳಿರಬಹುದು. ಒಂದು, ಎರಡಕ್ಕೂ ಒಂದೇ ಬೆಳಕು ಬಿತ್ತು. ಎರಡು, ಎರಡಕ್ಕೂ ಮೇಲಿನ ಒಂದೇ ಕೋಶದಿಂದ ಗದ್ದಲ, ಅಂದರೆ ಬೆಳಕಿಗೆ ಸಂಬಂಧ ಇಲ್ಲದ ಏರಿಳಿತ, ಹರಿದು ಬಂತು. ಮೂರು, ಎರಡರ ನಡುವೆ ನೇರ ವಿದ್ಯುತ್ ಜೋಡಣೆ ಇದೆ. ನಾಲ್ಕು, ನಿಮ್ಮ ಸಾಫ್ಟ್‌ವೇರ್ ತಪ್ಪು ಮಾಡಿದೆ. ಎಲ್ಲರೂ ಮೂರನೆಯದರಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ನಾಲ್ಕನೆಯದರಿಂದ. ಅಲ್ಲಿಂದ ಒಂದೊಂದನ್ನೇ ಕಳೆಯುತ್ತಾ ಬರಬೇಕು. ಕೆಳಗಿನ ಹಂತಗಳ ಕ್ರಮ ಇರುವುದು ಇದೇ ಕಾರಣಕ್ಕೆ. ದಯವಿಟ್ಟು ಮಧ್ಯದಿಂದ ಓದಬೇಡಿ.

ಉದಾಹರಣೆಗೆ ನಾನು ಬಳಸುವುದು ಮಕಾಕ್ ಕೋತಿಯ ಪ್ಯಾರಸಾಲ್ ಕೋಶಗಳನ್ನು. ರೆಟಿನಾದಿಂದ ಮೆದುಳಿಗೆ ಸುದ್ದಿ ಒಯ್ಯುವ ಗ್ಯಾಂಗ್ಲಿಯನ್ ಕೋಶಗಳಲ್ಲಿ ಇದೊಂದು ಬಗೆ. ಪ್ಯಾರಸಾಲ್ ಎಂದರೆ ಬಿಸಿಲಿಗೆ ಹಿಡಿಯುವ ಕೊಡೆ. ಕೊಂಬೆಗಳು ಕೊಡೆಯ ಹಾಗೆ ಹರಡಿರುವುದಕ್ಕೆ ಆ ಹೆಸರು. ಬೆಳಕು ಜಾಸ್ತಿಯಾದಾಗ ಸಿಡಿಯುವವು ಆನ್ ಪ್ಯಾರಸಾಲ್, ಕಡಿಮೆಯಾದಾಗ ಸಿಡಿಯುವವು ಆಫ್ ಪ್ಯಾರಸಾಲ್.

## ಮೊದಲು ಕೈಯಲ್ಲಿ ಏನೇನಿರಬೇಕು

ಇದು ಕಂಪ್ಯೂಟರ್ ಮುಂದೆ ಮಾಡುವ ಕೆಲಸದ ಬಗ್ಗೆ. ರೆಟಿನಾ ತೆಗೆದು ರೆಕಾರ್ಡ್ ಮಾಡುವುದು ಬೇರೆಯದೇ ವಿದ್ಯೆ. ಅದಕ್ಕೆ ಅನುಮತಿ, ತರಬೇತಿ, ಲ್ಯಾಬ್ ಎಲ್ಲ ಬೇಕು. ನಿಮ್ಮ ಕೈಗೆ ಬರುವುದು ಬೇರೆಯವರು ರೆಕಾರ್ಡ್ ಮಾಡಿದ ಫೈಲು ಎಂದುಕೊಳ್ಳೋಣ.

ಕಚ್ಚಾ ವೋಲ್ಟೇಜ್ ಫೈಲು ಬೇಕು, ಬರೀ ಸ್ಪೈಕ್ ಸಮಯಗಳ ಪಟ್ಟಿ ಸಾಲದು. ಈ ಕೆಲಸಕ್ಕೆ ಹೆಸರಾದ ಉಪಕರಣದಲ್ಲಿ 512 ಎಲೆಕ್ಟ್ರೋಡ್‌ಗಳಿವೆ. ಪಕ್ಕಪಕ್ಕದ ಎರಡರ ನಡುವೆ 60 ಮೈಕ್ರೋಮೀಟರ್. ಒಂದೊಂದೂ ಸೆಕೆಂಡಿಗೆ 20,000 ಸಲ ವೋಲ್ಟೇಜ್ ಅಳೆಯುತ್ತದೆ. ಅಂದರೆ ಎರಡು ಅಳತೆಗಳ ನಡುವೆ 50 ಮೈಕ್ರೋಸೆಕೆಂಡು. ಅಳತೆಗೆ 2 ಬೈಟ್ ಹಿಡಿದರೂ ಒಂದು ಗಂಟೆಗೆ 74 ಗಿಗಾಬೈಟ್ ಹತ್ತಿರ ಆಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಒಂದೇ ರೆಟಿನಾದಿಂದ ಮೂರು ಬಗೆಯ ರೆಕಾರ್ಡಿಂಗ್ ಬೇಕು. ಒಂದು, ಪರದೆಯ ಮೇಲೆ ಚದುರಂಗದ ಮನೆಗಳು ಯದ್ವಾತದ್ವಾ ಮಿನುಗುವ ಚಿತ್ರ. ಅರ್ಧ ಗಂಟೆಯಾದರೂ ಇರಲಿ. ಎರಡು, ಅದೇ ಬಗೆಯ ಒಂದು ಸಣ್ಣ ತುಣುಕನ್ನು ಮತ್ತೆ ಮತ್ತೆ ತೋರಿಸಿದ್ದು. 10 ಸೆಕೆಂಡಿನ ತುಣುಕು 100 ಸುತ್ತು ಎಂದಿಟ್ಟುಕೊಳ್ಳಿ. ಮೂರು, ಏನೂ ಬದಲಾಗದ ಬೂದು ಪರದೆ. ಬೂದು ಪರದೆಯನ್ನು "ಖಾಲಿ ಫೈಲು" ಎಂದು ಅಳಿಸಿಬಿಡುವವರಿದ್ದಾರೆ. ನಮ್ಮ ಕೆಲಸಕ್ಕೆ ಅದು ಚಿನ್ನ.

ಸಾಫ್ಟ್‌ವೇರ್‌ಗೆ ಪೈಥಾನ್, ನಮ್‌ಪೈ, ಸೈಪೈ ಸಾಕು. ಸ್ಪೈಕ್‌ಗಳನ್ನು ಬೇರೆ ಮಾಡಲು ಕಿಲೋಸಾರ್ಟ್ ತರಹದ ಒಂದು, ಫಲಿತಾಂಶ ಪರೀಕ್ಷಿಸಲು ಸ್ಪೈಕ್‌ಇಂಟರ್‌ಫೇಸ್.

## ಹಂತ 1: ಸ್ಪೈಕ್‌ಗಳನ್ನು ಬೇರೆ ಮಾಡಿ, ಆಮೇಲೆ ಅನುಮಾನಿಸಿ

ಒಂದು ಎಲೆಕ್ಟ್ರೋಡ್ ಸುತ್ತ ಹಲವು ಕೋಶಗಳಿರುತ್ತವೆ. ಒಂದು ಕೋಶದ ಸ್ಪೈಕ್ ಹಲವು ಎಲೆಕ್ಟ್ರೋಡ್‌ಗಳಲ್ಲಿ ಕಾಣುತ್ತದೆ. ಯಾವುದು ಯಾರದ್ದು ಎಂದು ವಿಂಗಡಿಸುವುದೇ ಸ್ಪೈಕ್ ಸಾರ್ಟಿಂಗ್. ಸಾಫ್ಟ್‌ವೇರ್ ಓಡಿಸುವುದು ಸುಲಭ. ಅದರ ಉತ್ತರ ನಂಬುವ ಮೊದಲು ಮೂರು ಬಲೆಗಳನ್ನು ತಪ್ಪಿಸಿಕೊಳ್ಳಬೇಕು. ಇಡೀ ಲೇಖನದಲ್ಲಿ ಜನ ಜಾಸ್ತಿ ಎಡವುವುದು ಇಲ್ಲೇ. ಹಾಗಾಗಿ ಇಲ್ಲಿ ನಿಧಾನವಾಗಿ ಹೋಗುತ್ತೇನೆ.

ಮೊದಲ ಬಲೆ: ಒಂದೇ ಕೋಶ ಎರಡಾಗುವುದು. ಕೋಶವೊಂದು ಬಿಡದೆ ಸಿಡಿದಾಗ ಅದರ ಸ್ಪೈಕಿನ ಎತ್ತರ ಸ್ವಲ್ಪ ಕುಗ್ಗುತ್ತದೆ. ಸಾಫ್ಟ್‌ವೇರ್ ದೊಡ್ಡ ಸ್ಪೈಕ್‌ಗಳನ್ನು ಒಂದು ಕೋಶ, ಸಣ್ಣವನ್ನು ಇನ್ನೊಂದು ಕೋಶ ಎಂದುಕೊಳ್ಳಬಹುದು. ಆಮೇಲೆ ಈ "ಇಬ್ಬರು" ಯಾವಾಗಲೂ ಜೊತೆಜೊತೆಗೇ ಸಿಡಿಯುತ್ತಾರೆ! ಗುರುತು ಹಿಡಿಯುವುದು ಹೀಗೆ: ಯಾವ ಕೋಶವೂ ಒಂದು ಸ್ಪೈಕ್ ಕೊಟ್ಟ ತಕ್ಷಣ ಇನ್ನೊಂದು ಕೊಡಲಾರದು. ಒಂದು ಒಂದೂವರೆ ಮಿಲಿಸೆಕೆಂಡು ಸುಧಾರಿಸಿಕೊಳ್ಳಬೇಕು. ಈ "ಇಬ್ಬರ" ಜೋಡಿ ಗ್ರಾಫಿನಲ್ಲಿ ಸೊನ್ನೆಯ ಎರಡೂ ಬದಿ ಅಷ್ಟೇ ಅಗಲದ ಬಾವಿ ಕಂಡು, ಬಾವಿಯ ದಡದಲ್ಲಿ ದಿಬ್ಬಗಳಿದ್ದರೆ ಅದು ಒಬ್ಬನೇ. ಸೇರಿಸಿಬಿಡಿ.

ಎರಡನೆಯ ಬಲೆ: ನರದ ಬಾಲ. ಗ್ಯಾಂಗ್ಲಿಯನ್ ಕೋಶದ ಆಕ್ಸಾನ್, ಅಂದರೆ ಸ್ಪೈಕ್ ಒಯ್ಯುವ ಉದ್ದನೆಯ ಎಳೆ, ರೆಟಿನಾದ ಮೇಲ್ಮೈಯಲ್ಲೇ ಹರಿದು ದೃಷ್ಟಿ ನರದ ಕಡೆ ಹೋಗುತ್ತದೆ. ನಿಮ್ಮ ಎಲೆಕ್ಟ್ರೋಡ್‌ಗಳ ಮೇಲೇ ಹಾದು ಹೋಗುತ್ತದೆ. ಸ್ಪೈಕ್ ಅದರೊಳಗೆ ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ಓಡುತ್ತದೆ. ಹಾಗಾಗಿ 1 ಮಿಲಿಮೀಟರ್ ಆಚೆಯ ಎಲೆಕ್ಟ್ರೋಡ್‌ನಲ್ಲಿ ಅದೇ ಸ್ಪೈಕ್ 1 ಮಿಲಿಸೆಕೆಂಡು ತಡವಾಗಿ ಮತ್ತೆ ಕಾಣುತ್ತದೆ. ಸಾಫ್ಟ್‌ವೇರ್ ಅದನ್ನು ಹೊಸ ಕೋಶ ಎಂದರೆ, ನಿಮಗೆ ಸಿಗುವುದು 1 ಮಿಲಿಸೆಕೆಂಡು ವಿಳಂಬದ ಚೂಪಾದ ದಿಬ್ಬ. ನೇರ ವಿದ್ಯುತ್ ಜೋಡಣೆ ಇದ್ದರೆ ಕಾಣಬೇಕಾದ ಸಮಯವೂ ಹೆಚ್ಚುಕಡಿಮೆ ಅದೇ.

ನಾನೇ ಒಮ್ಮೆ ಇಂಥ ಒಂದು ಜೋಡಿಯ ಹಿಂದೆ ಮೂರು ವಾರ ಕಳೆದಿದ್ದೇನೆ. ಸ್ಲೈಡ್ ಕೂಡ ಮಾಡಿಟ್ಟಿದ್ದೆ. ಕೊನೆಗೆ ನೋಡಿದರೆ ಒಂದು ಕೋಶ, ಅದರ ಬಾಲ. ಆಗ ಕಲಿತ ಮೂರು ಗುರುತುಗಳು ಇವು. ದಿಬ್ಬ ಒಂದೇ ಬದಿಗೆ ಇರುತ್ತದೆ. ಅದರ ಅಗಲ ಒಂದೆರಡು ಅಳತೆಗಳಷ್ಟೇ, ಅಂದರೆ 50ರಿಂದ 100 ಮೈಕ್ರೋಸೆಕೆಂಡು. ಜೀವಂತ ಸಂಪರ್ಕ ಅಷ್ಟು ನಿಖರವಾಗಿರುವುದಿಲ್ಲ. ಮತ್ತು ಒಂದರ ಬಹುಪಾಲು ಸ್ಪೈಕ್‌ಗಳಿಗೆ ಇನ್ನೊಂದರಲ್ಲಿ ಜೊತೆಗಾರ ಸಿಗುತ್ತಾನೆ. ನಿಜವಾದ ನೆರೆಯವರಲ್ಲಿ ಹಾಗೆ ಆಗುವುದಿಲ್ಲ.

ಮೂರನೆಯ ಬಲೆ: ಒಂದರ ಮೇಲೊಂದು ಬಿದ್ದ ಸ್ಪೈಕ್‌ಗಳು. ಇದು ಉಲ್ಟಾ ತಪ್ಪು. ಎರಡು ನೆರೆಯ ಕೋಶಗಳು ಅರ್ಧ ಮಿಲಿಸೆಕೆಂಡಿನ ಒಳಗೆ ಸಿಡಿದರೆ ಎರಡು ಅಲೆಗಳು ಕೂಡಿ ಮೂರನೆಯದೇ ಆಕಾರ ಬರುತ್ತದೆ. ಅದು ಯಾರ ಸ್ಪೈಕ್ ಎಂದು ಗೊತ್ತಾಗದೆ ಸಾಫ್ಟ್‌ವೇರ್ ಒಂದನ್ನೋ ಎರಡನ್ನೋ ಬಿಟ್ಟುಬಿಡುತ್ತದೆ. ನಾವು ಎಣಿಸಲು ಹೊರಟದ್ದೇ ಜೊತೆಯಾಗಿ ಬಿದ್ದ ಸ್ಪೈಕ್‌ಗಳನ್ನು. ಕಾಣೆಯಾಗುವುದೂ ಅವೇ. ಪರಿಣಾಮ: ಸೊನ್ನೆಯಲ್ಲಿ ಸುಳ್ಳು ತಗ್ಗು.

ಇದಕ್ಕೆ ಒಂದು ನಂಬಲರ್ಹ ಪರೀಕ್ಷೆ ಇದೆ. ಎರಡೂ ಕೋಶಗಳ ಸರಾಸರಿ ಅಲೆಗಳನ್ನು ತೆಗೆದುಕೊಳ್ಳಿ. ಕಚ್ಚಾ ಫೈಲಿನ ಶಾಂತ ಜಾಗಗಳಲ್ಲಿ ಅವನ್ನು ನೀವೇ ಕೂಡಿಸಿ, ಬೇಕಾದ ಅಂತರ ಇಟ್ಟು: ಸೊನ್ನೆ, ಕಾಲು, ಅರ್ಧ, ಒಂದು ಮಿಲಿಸೆಕೆಂಡು. ಸಾಫ್ಟ್‌ವೇರ್ ಮತ್ತೆ ಓಡಿಸಿ. ಒಂದು ಮಿಲಿಸೆಕೆಂಡು ಅಂತರದಲ್ಲಿ ನೂರಕ್ಕೆ 95 ಸಿಕ್ಕು, ಸೊನ್ನೆಯಲ್ಲಿ 40 ಮಾತ್ರ ಸಿಕ್ಕರೆ ನಿಮ್ಮ ತಗ್ಗು ಎಲ್ಲಿಂದ ಬಂತು ಎಂದು ಗೊತ್ತಾಯಿತು. ಇದನ್ನು ಮಾಡಲು ಒಂದು ಮಧ್ಯಾಹ್ನ ಹಿಡಿಯುತ್ತದೆ. ಮಾಡದಿದ್ದರೆ ತಿಂಗಳುಗಳು ಹೋಗುತ್ತವೆ.

## ಹಂತ 2: ಯಾರು ಯಾವ ಬಗೆ ಎಂದು ಗುರುತಿಸಿ

ಒಂದೊಂದು ಗ್ಯಾಂಗ್ಲಿಯನ್ ಕೋಶವೂ ಲೋಕವನ್ನು ತನ್ನದೇ ಒಂದು ಸಣ್ಣ ಕಿಂಡಿಯಿಂದ ನೋಡುತ್ತದೆ. ಪುಸ್ತಕದ ಮಾತಿನಲ್ಲಿ ಗ್ರಹಣ ಕ್ಷೇತ್ರ. ನಾನು ಕಿಂಡಿ ಎಂದೇ ಕರೆಯುತ್ತೇನೆ.

ಕಿಂಡಿ ಹುಡುಕುವುದು ಸುಲಭ. ಮಿನುಗುವ ಮನೆಗಳ ರೆಕಾರ್ಡಿಂಗ್ ತೆಗೆದುಕೊಳ್ಳಿ. ಒಂದು ಕೋಶದ ಪ್ರತಿ ಸ್ಪೈಕಿಗೂ ಮುಂಚಿನ ಕಾಲು ಸೆಕೆಂಡಿನ ಚಿತ್ರಗಳನ್ನು ಎತ್ತಿಕೊಳ್ಳಿ. ಎಲ್ಲದರ ಸರಾಸರಿ ತೆಗೆಯಿರಿ. ಕಿಂಡಿಯ ಆಚೆ ಎಲ್ಲ ಬೂದು ಬಣ್ಣಕ್ಕೆ ಇಳಿಯುತ್ತದೆ. ಕಿಂಡಿಯ ಜಾಗದಲ್ಲಿ ಮಾತ್ರ ಬಿಳಿ ಅಥವಾ ಕಪ್ಪು ಮಚ್ಚೆ ಉಳಿಯುತ್ತದೆ. ಬಿಳಿಯಾದರೆ ಆನ್, ಕಪ್ಪಾದರೆ ಆಫ್.

ಈಗ ಮಚ್ಚೆಯ ಅಗಲವನ್ನೂ, ಅದು ಎಷ್ಟು ಬೇಗ ಏರಿ ಇಳಿಯುತ್ತದೆ ಎಂಬುದನ್ನೂ ಒಂದು ಗ್ರಾಫಿನಲ್ಲಿ ಚುಕ್ಕಿ ಇಡಿ. ಗುಂಪುಗಳು ತಾವಾಗಿಯೇ ಬೇರೆಯಾಗುತ್ತವೆ. ಪ್ಯಾರಸಾಲ್‌ಗಳ ಕಿಂಡಿ ದೊಡ್ಡದು, ವೇಗ ಜಾಸ್ತಿ. ಮಿಡ್ಜೆಟ್ ಎಂಬ ಇನ್ನೊಂದು ಬಗೆಯ ಗ್ಯಾಂಗ್ಲಿಯನ್ ಕೋಶಗಳದು ಸಣ್ಣದು, ಸ್ವಲ್ಪ ನಿಧಾನ. ನೀಲಿ ಬೆಳಕಿಗೆ ಏಳುವ ಒಂದು ಸಣ್ಣ ಗುಂಪೂ ಕಾಣಬಹುದು. ಆನ್ ಪ್ಯಾರಸಾಲ್‌ಗಳ ಕಿಂಡಿ ಆಫ್‌ಗಳಿಗಿಂತ ಸುಮಾರು ಶೇಕಡಾ 20 ಅಗಲ, ಪ್ರತಿಕ್ರಿಯೆಯೂ ಚೂರು ಬೇಗ. ಇದು ಕಾಣದಿದ್ದರೆ ನಿಮ್ಮ ಗುಂಪುಗಳು ಕಲಸಿವೆ.

ಆಮೇಲೆ ಒಂದೇ ಬಗೆಯ ಎಲ್ಲ ಕಿಂಡಿಗಳನ್ನು ಒಂದು ನಕ್ಷೆಯಲ್ಲಿ ಬಿಡಿಸಿ. ಮನೆ ಮಾಡಿನ ಹೆಂಚುಗಳ ಹಾಗೆ ಅಂಚು ತಾಗಿಸಿಕೊಂಡು ಸಾಲಾಗಿ ಕೂತಿರುತ್ತವೆ. ಒಂದು ಕಿಂಡಿ ಒಂದು ಕಡೆ ಒಳಗೆ ತಗ್ಗಿದ್ದರೆ ಪಕ್ಕದ್ದು ಅಲ್ಲಿಗೇ ಉಬ್ಬಿ ಜಾಗ ತುಂಬುತ್ತದೆ. ಕೋಶಗಳ ಹೊಂದಾಣಿಕೆಯ ಮೊದಲ ಸಾಕ್ಷಿ ಈ ನಕ್ಷೆಯೇ. ಇನ್ನೂ ಒಂದು ಸ್ಪೈಕನ್ನೂ ಹೋಲಿಸಿಲ್ಲ ನೋಡಿ.

ಎಚ್ಚರಿಕೆಯ ಗುರುತು: ಒಂದೇ ಬಗೆಯ ಎರಡು ಕಿಂಡಿಗಳು ಒಂದರ ಮೇಲೊಂದು ಪೂರ್ತಿ ಕೂತಿದ್ದರೆ ಅದು ಹೊಸ ಸಂಶೋಧನೆ ಅಲ್ಲ. ಹಂತ 1ರ ಮೊದಲನೆಯದೋ ಎರಡನೆಯದೋ ಬಲೆ. ವಾಪಸ್ ಹೋಗಿ. ನಕ್ಷೆಯಲ್ಲಿ ನಡುವೆ ಹೆಂಚು ಬಿದ್ದ ಹಾಗೆ ತೂತಿದ್ದರೆ ಅಲ್ಲಿ ಒಂದು ಕೋಶ ನಿಮ್ಮ ಕೈ ತಪ್ಪಿದೆ. ಅಂಥ ಜಾಗದ ಸುತ್ತಲಿನ ಜೋಡಿಗಳನ್ನು ಮುಂದಿನ ಹಂತಗಳಲ್ಲಿ ಬಳಸಬೇಡಿ.

## ಹಂತ 3: ಜೋಡಿ ಗ್ರಾಫ್ ಬಿಡಿಸಿ

ಹೆಸರು ಕ್ರಾಸ್ ಕೋರಿಲೋಗ್ರಾಮ್. ಕೆಲಸ ಸರಳ. ಕೋಶ ಒಂದರ ಪ್ರತಿ ಸ್ಪೈಕಿನ ಹತ್ತಿರ ನಿಂತು, ಕೋಶ ಎರಡರ ಸ್ಪೈಕ್‌ಗಳು ಎಷ್ಟು ಮುಂಚೆ ಅಥವಾ ಎಷ್ಟು ಆಮೇಲೆ ಬಂದವು ಎಂದು ಅಳೆಯಿರಿ. ಹಿಂದೆ ಮುಂದೆ 100 ಮಿಲಿಸೆಕೆಂಡು ಸಾಕು. 1 ಮಿಲಿಸೆಕೆಂಡಿನ ಖಾನೆಗಳಲ್ಲಿ ಎಣಿಸಿ.

ಇಲ್ಲಿ ಬಿಡಬಾರದ ಲೆಕ್ಕ ಒಂದಿದೆ. ಏನೂ ಸಂಬಂಧ ಇಲ್ಲದಿದ್ದರೂ ಒಂದಷ್ಟು ಸ್ಪೈಕ್‌ಗಳು ಸುಮ್ನೆ ಜೊತೆಯಾಗುತ್ತವೆ. ಎಷ್ಟು? ಎರಡೂ ಕೋಶ ಸೆಕೆಂಡಿಗೆ 15 ಸಲ ಸಿಡಿಯುತ್ತವೆ, ರೆಕಾರ್ಡಿಂಗ್ 30 ನಿಮಿಷ, ಅಂದರೆ 1,800 ಸೆಕೆಂಡು. 15 ಗುಣಿಸು 15 ಗುಣಿಸು 0.001 ಗುಣಿಸು 1,800. ಉತ್ತರ 405. ಪ್ರತಿ ಖಾನೆಯಲ್ಲೂ ಸುಮಾರು 405 ಆಕಸ್ಮಿಕ ಜೊತೆಗಳಿರುತ್ತವೆ. ಅದರ ಏರಿಳಿತ 405ರ ವರ್ಗಮೂಲ, ಸುಮಾರು 20. ನಿಮ್ಮ ದಿಬ್ಬ 430 ಇದ್ದರೆ ಉತ್ಸಾಹ ಬೇಡ. 800 ಇದ್ದರೆ ಕೂತು ನೋಡಬೇಕಾದ ವಿಷಯ.

ಈ ಆಧಾರ ರೇಖೆ ಇಲ್ಲದೆ ಗ್ರಾಫ್ ಕಳಿಸಬೇಡಿ. ನಾನು ವಾಪಸ್ ಕೇಳುವ ಮೊದಲ ಪ್ರಶ್ನೆಯೇ ಅದು.

ಮುಂದಕ್ಕೆ ಹೋಗುವ ಮೊದಲು ದಿಬ್ಬಗಳು ಮತ್ತೆ ಮತ್ತೆ ಬರುತ್ತಿವೆಯೇ ನೋಡಿ. ಪ್ರತಿ 20 ಮಿಲಿಸೆಕೆಂಡಿಗೆ ಒಂದು ದಿಬ್ಬ ಇದ್ದರೆ 50 ಹರ್ಟ್ಸ್ ಕರೆಂಟಿನ ಗುಂಯ್ ಸದ್ದು ರೆಕಾರ್ಡಿಂಗ್‌ಗೆ ಸೇರಿದೆ. ಅಮೆರಿಕದಲ್ಲಿ ಮಾಡಿದ ರೆಕಾರ್ಡಿಂಗ್ ಆದರೆ ಅಲ್ಲಿನ ಕರೆಂಟ್ 60 ಹರ್ಟ್ಸ್, ಹಾಗಾಗಿ 16.7 ಮಿಲಿಸೆಕೆಂಡಿಗೊಂದು. 8.3 ಮಿಲಿಸೆಕೆಂಡಿಗೊಂದು ಬಂದರೆ 120 ಹರ್ಟ್ಸ್ ಪರದೆಯ ಮಿನುಗು. ಮೂರೂ ರೆಟಿನಾದ ಮಾತಲ್ಲ.

## ಹಂತ 4: ಬೆಳಕಿನ ಪಾಲನ್ನು ಕಳೆಯಿರಿ

ಪಕ್ಕಪಕ್ಕದ ಕಿಂಡಿಗಳು ಅಂಚಿನಲ್ಲಿ ಒಂದಿಷ್ಟು ಹಂಚಿಕೊಳ್ಳುತ್ತವೆ. ಅಲ್ಲಿ ಬೆಳಕು ಬಿದ್ದರೆ ಇಬ್ಬರೂ ಏಳುತ್ತಾರೆ. ಇದು ಮಳೆಗೆ ಕೊಡೆ ಬಿಚ್ಚಿದ ಹಾಗೆ. ಇದನ್ನು ಕಳೆಯಲು ಎರಡು ದಾರಿ ಇವೆ. ಎರಡನ್ನೂ ಮಾಡಿ.

ದಾರಿ ಒಂದು, ಸುತ್ತು ಬದಲಿಸುವುದು. ಅದೇ 10 ಸೆಕೆಂಡಿನ ತುಣುಕು 100 ಸುತ್ತು ಓಡಿದೆ. ಕೋಶ ಒಂದರ 1ನೇ ಸುತ್ತನ್ನು ಕೋಶ ಎರಡರ 2ನೇ ಸುತ್ತಿನ ಜೊತೆ ಹೋಲಿಸಿ. 2ನ್ನು 3ರ ಜೊತೆ. ಹೀಗೇ ಕೊನೆಯವರೆಗೆ. ಬೆಳಕು ಎರಡೂ ಸುತ್ತಿನಲ್ಲಿ ಒಂದೇ, ಆದರೆ ಒಳಗಿನ ಗದ್ದಲ ಬೇರೆ. ಹಾಗಾಗಿ ಇಲ್ಲಿ ಕಾಣುವ ದಿಬ್ಬ ಪೂರ್ತಿ ಬೆಳಕಿನದು. ಅದನ್ನು ಅದೇ ಸುತ್ತಿನ ಗ್ರಾಫಿನಿಂದ ಕಳೆಯಿರಿ. ಉಳಿದದ್ದು ಕೋಶಗಳದ್ದು.

ಇಲ್ಲಿ ಎಲ್ಲರೂ ಮಾಡುವ ತಪ್ಪು: ಸುತ್ತುಗಳನ್ನು ಇಸ್ಪೀಟಿನ ಹಾಗೆ ಕಲಸಿಬಿಡುವುದು. 3ನೇ ಸುತ್ತು 97ನೇ ಸುತ್ತಿಗೆ ಜೋಡಿಯಾಗುತ್ತದೆ. ತಟ್ಟೆಯಲ್ಲಿರುವ ರೆಟಿನಾ ಹೊತ್ತು ಹೋದ ಹಾಗೆ ಬದಲಾಗುತ್ತದೆ. ಮೊದಲ ಸುತ್ತುಗಳಲ್ಲಿ ಎರಡೂ ಕೋಶ ಚುರುಕು, ಕೊನೆಯವುಗಳಲ್ಲಿ ಎರಡೂ ಮಂಕು. ಆ ನಿಧಾನದ ಬದಲಾವಣೆಯನ್ನೇ ನೀವು "ಸಂಬಂಧ" ಎಂದುಕೊಳ್ಳುತ್ತೀರಿ. ಪಕ್ಕದ ಸುತ್ತಿನ ಜೊತೆ ಹೋಲಿಸಿದರೆ ಈ ಮೋಸ ಬಹುಮಟ್ಟಿಗೆ ತಪ್ಪುತ್ತದೆ. ಕಳೆದ ಮೇಲೂ 100 ಮಿಲಿಸೆಕೆಂಡಿನ ಉದ್ದಕ್ಕೂ ಚಪ್ಪಟೆ ಎತ್ತರ ಉಳಿದರೆ ಅದು ನಿಧಾನದ ಬದಲಾವಣೆಯೇ ಎಂದು ತಿಳಿಯಿರಿ.

ದಾರಿ ಎರಡು, ಬೂದು ಪರದೆ. ಇಲ್ಲಿ ಬೆಳಕು ಬದಲಾಗುವುದೇ ಇಲ್ಲ. ಆದರೂ ಕೋಶಗಳು ಸಿಡಿಯುತ್ತಲೇ ಇರುತ್ತವೆ. ಹಂತ 3ರ ಗ್ರಾಫನ್ನು ಈ ಫೈಲಿನ ಮೇಲೆ ಮತ್ತೆ ಬಿಡಿಸಿ. ದಾರಿ ಒಂದರ ಉತ್ತರದ ಹತ್ತಿರದ ಆಕಾರ ಬರಬೇಕು. ಎತ್ತರ ಸ್ವಲ್ಪ ಬೇರೆ ಇರಲಿ, ಚಿಂತೆ ಇಲ್ಲ. ಆಕಾರವೇ ಬೇರೆಯಾಗಿದ್ದರೆ ಎಲ್ಲೋ ಎಡವಿದ್ದೀರಿ. ಪರದೆಯ ಗಡಿಯಾರ ಮತ್ತು ರೆಕಾರ್ಡಿಂಗ್ ಗಡಿಯಾರ ಕೂಡಿವೆಯೇ ಎಂದು ಮೊದಲು ನೋಡಿ.

## ಹಂತ 5: ಉಳಿದ ದಿಬ್ಬವನ್ನು ಓದಿ

ಈಗ ಉಳಿದಿರುವುದು ಎರಡು ಕಾರಣ: ಹಂಚಿಕೊಂಡ ಗದ್ದಲ ಅಥವಾ ನೇರ ಜೋಡಣೆ. ದಿಬ್ಬದ ಎತ್ತರ ಇದನ್ನು ಹೇಳುವುದಿಲ್ಲ. ಅಗಲ ಹೇಳುತ್ತದೆ.

ಹಲವು ಹತ್ತು ಮಿಲಿಸೆಕೆಂಡುಗಳಷ್ಟು ಅಗಲ ಇದ್ದರೆ ಗದ್ದಲ ತುಂಬಾ ಮೇಲಿನಿಂದ ಬಂದಿದೆ. ಬೆಳಕು ಹಿಡಿಯುವ ಕೋನ್ ಕೋಶಗಳೇ ಸುಮ್ಮನಿರುವುದಿಲ್ಲ. ಅವುಗಳ ಒಳಗಿನ ಏರಿಳಿತ, ನಡುವೆ ಸುದ್ದಿ ದಾಟಿಸುವ ಬೈಪೋಲಾರ್ ಕೋಶಗಳ ಮೂಲಕ ಇಬ್ಬರು ನೆರೆಯವರಿಗೂ ಇಳಿಯುತ್ತದೆ. ದಾರಿಯಲ್ಲಿ ರಾಸಾಯನಿಕ ಸಂಪರ್ಕಗಳನ್ನು ದಾಟುವುದರಿಂದ ಸಮಯ ಹರಡುತ್ತದೆ. ಸುಮಾರು 10 ಮಿಲಿಸೆಕೆಂಡು ಇದ್ದರೆ ಮೂಲ ಇನ್ನೂ ಹತ್ತಿರದ್ದು. ಅಡ್ಡ ಹರಡುವ ಅಮಕ್ರೈನ್ ಕೋಶವೊಂದು ಗ್ಯಾಪ್ ಜಂಕ್ಷನ್ ಮೂಲಕ ಇಬ್ಬರನ್ನೂ ತಟ್ಟಿದಾಗ ಹೀಗಾಗುತ್ತದೆ. ಗ್ಯಾಪ್ ಜಂಕ್ಷನ್ ಎಂದರೆ ಎರಡು ಕೋಶಗಳ ಗೋಡೆಯಲ್ಲಿ ಕರೆಂಟ್ ನೇರ ಹಾಯುವ ಸಣ್ಣ ಕೊಳವೆ. ಒಂದೆರಡು ಮಿಲಿಸೆಕೆಂಡಿನ ಚೂಪು ದಿಬ್ಬಗಳು ಸೊನ್ನೆಯ ಎರಡೂ ಬದಿಗೆ ಒಂದೊಂದಿದ್ದರೆ ನೇರ ಜೋಡಣೆ. ಒಬ್ಬ ಸಿಡಿದು ಇನ್ನೊಬ್ಬನನ್ನು ಎಳೆಯುತ್ತಾನೆ, ಸರದಿ ಬದಲಾಗುತ್ತಿರುತ್ತದೆ. ಅದಕ್ಕೇ ಎರಡು.

ಎರಡು ದಿಬ್ಬ, ನಡುವೆ ತಗ್ಗು. ಇದನ್ನು ಎಲ್ಲೋ ನೋಡಿದ ಹಾಗಿದೆ, ಅಲ್ವಾ? ಹಂತ 1ರ ಮೂರನೆಯ ಬಲೆಯೂ ಇದೇ ಚಿತ್ರ ಕೊಡುತ್ತದೆ. ಒಂದೇ ಅಗಲ ದಿಬ್ಬದ ನೆತ್ತಿಯನ್ನು ಸಾಫ್ಟ್‌ವೇರ್ ಕೆತ್ತಿ ಹಾಕಿದರೆ ಎರಡು ದಿಬ್ಬದ ಹಾಗೆ ಕಾಣುತ್ತದೆ. ಸ್ಪೈಕ್ ಕೂಡಿಸುವ ಆ ಪರೀಕ್ಷೆ ಮಾಡದವರು ಇಲ್ಲಿಂದ ಮುಂದೆ ಹೋಗಬಾರದು.

ನಿಮ್ಮ ಉತ್ತರ ಸರಿಯೇ ಎಂದು ನೋಡಲು ತಿಳಿದಿರುವ ಸಂಗತಿಗಳು ಇವು. ಪ್ರೈಮೇಟ್ (ಕೋತಿ, ಮನುಷ್ಯರ ವರ್ಗ) ರೆಟಿನಾದಲ್ಲಿ ಆನ್ ಪ್ಯಾರಸಾಲ್‌ಗಳ ನಡುವೆ ವಿದ್ಯುತ್ ಜೋಡಣೆ ಇದೆ. ಆಫ್ ಪ್ಯಾರಸಾಲ್‌ಗಳ ನಡುವೆ ಕಂಡಿಲ್ಲ. 2008ರಲ್ಲಿ ಟ್ರಾಂಗ್ ಮತ್ತು ರೀಕಿ ಪಕ್ಕಪಕ್ಕದ ಎರಡು ಕೋಶಗಳ ಒಳಗೇ ಕರೆಂಟ್ ಅಳೆದು ಇದನ್ನು ತೋರಿಸಿದರು. ಆನ್ ಕೋಶಗಳಲ್ಲೂ ಜೊತೆ ಸಿಡಿಯುವುದಕ್ಕೆ ದೊಡ್ಡ ಕಾರಣ ಹಂಚಿಕೊಂಡ ಒಳಹರಿವೇ ಎಂದೂ ಕಂಡಿತು. ನೇರ ಜೋಡಣೆಯ ಪಾಲು ಸಣ್ಣದು. ನಿಮ್ಮ ಫೈಲಿನಲ್ಲಿ ಆಫ್ ಪ್ಯಾರಸಾಲ್ ಜೋಡಿಗಳೆಲ್ಲ ಚೂಪು ಎರಡು ದಿಬ್ಬ ತೋರಿಸುತ್ತಿದ್ದರೆ, ಸಂತೋಷ ಪಡುವ ಮೊದಲು ಸಾರ್ಟಿಂಗ್ ನೋಡಿ.

ಅಗಲದ ಬಗ್ಗೆ ಅನುಮಾನ ಇದ್ದರೆ ಅಲುಗಾಡಿಸಿ ನೋಡಿ. ಪ್ರತಿ ಸ್ಪೈಕನ್ನೂ ಮನಸ್ಸಿಗೆ ಬಂದ ಹಾಗೆ 5 ಮಿಲಿಸೆಕೆಂಡಿನೊಳಗೆ ಹಿಂದೆ ಮುಂದೆ ಸರಿಸಿ, ಗ್ರಾಫ್ ಮತ್ತೆ ಬಿಡಿಸಿ. ಚೂಪು ಭಾಗ ಕರಗುತ್ತದೆ, ಅಗಲದ ಭಾಗ ಉಳಿಯುತ್ತದೆ. ಇದನ್ನು ಸಾವಿರ ಸಲ ಮಾಡಿದರೆ ಚೂಪು ಭಾಗ ಆಕಸ್ಮಿಕವೇ ಎಂದೂ ಗೊತ್ತಾಗುತ್ತದೆ.

## ಹಂತ 6: ದೂರದ ಜೊತೆ ಹೋಲಿಸಿ

ಇದು ಚಿಕ್ಕ ಹಂತ. ಎಲ್ಲ ಜೋಡಿಗಳ ದಿಬ್ಬದ ಬಲವನ್ನು ಅವುಗಳ ಕಿಂಡಿಗಳ ದೂರದ ಎದುರು ಚುಕ್ಕಿ ಇಡಿ. ಒಂದೇ ಬಗೆಯ ಪಕ್ಕದ ಮನೆಯವರಲ್ಲಿ ಬಲ ಜಾಸ್ತಿ. ಒಂದು ಮನೆ ಬಿಟ್ಟರೆ ಇಳಿಯುತ್ತದೆ. ಇನ್ನೂ ದೂರಕ್ಕೆ ಸೊನ್ನೆಯ ಹತ್ತಿರ. ಆನ್ ಮತ್ತು ಆಫ್ ನಡುವೆ ದಿಬ್ಬದ ಬದಲು ತಗ್ಗು ಬರಬೇಕು, ಏಕೆಂದರೆ ಒಂದೇ ಗದ್ದಲ ಒಬ್ಬನನ್ನು ಎಬ್ಬಿಸಿ ಇನ್ನೊಬ್ಬನನ್ನು ಮಲಗಿಸುತ್ತದೆ.

ಎಚ್ಚರಿಕೆಯ ಗುರುತು: ದೂರ ಎಷ್ಟೇ ಇರಲಿ ಬಲ ಒಂದೇ ಇದ್ದರೆ ಇಡೀ ಎಲೆಕ್ಟ್ರೋಡ್ ಹಲಗೆಗೆ ತಗುಲಿದ ವಿದ್ಯುತ್ ಗದ್ದಲ, ಇಲ್ಲವೇ ಹದಗೆಡುತ್ತಿರುವ ರೆಟಿನಾ. ಅಲೆಯಲೆಯಾಗಿ ಎಲ್ಲ ಕೋಶಗಳೂ ಒಟ್ಟಿಗೆ ಸಿಡಿದು ಒಟ್ಟಿಗೆ ಸುಮ್ಮನಾಗುತ್ತಿದ್ದರೆ ಆ ಫೈಲನ್ನು ಅಲ್ಲಿಗೇ ನಿಲ್ಲಿಸಿ.

## ಹಂತ 7: ಜೋಡಿಯಿಂದ ಗುಂಪಿಗೆ

ಈಗ ಸಹಜವಾಗಿ ಏಳುವ ಪ್ರಶ್ನೆ: ಐದಾರು ಕೋಶಗಳು ಒಟ್ಟಿಗೆ ಸಿಡಿಯುವುದಕ್ಕೆ ಬೇರೆ ಗುಟ್ಟೇನಾದರೂ ಇದೆಯಾ, ಅಥವಾ ಜೋಡಿಗಳ ಸಂಬಂಧ ತಿಳಿದರೆ ಸಾಕಾ?

ಎಲ್ಲ ವಿನ್ಯಾಸಗಳನ್ನೂ ಎಣಿಸುತ್ತೇನೆ ಎಂದು ಹೊರಡಬೇಡಿ. ಒಂದು ಖಾನೆಯಲ್ಲಿ ಕೋಶ ಸಿಡಿಯಿತು ಅಥವಾ ಇಲ್ಲ. 10 ಕೋಶಕ್ಕೆ 1,024 ವಿನ್ಯಾಸ. 20ಕ್ಕೆ 10,48,576. 100 ಕೋಶಕ್ಕೆ 31 ಅಂಕಿಯ ಸಂಖ್ಯೆ. ಆದರೆ 100 ಕೋಶಗಳಲ್ಲಿ ಜೋಡಿಗಳು ಬರೀ 4,950. ಪಕ್ಕದ ಮನೆ ಜೋಡಿಗಳಷ್ಟೇ ಆದರೆ ಇನ್ನೂ ಕಡಿಮೆ.

ದಾರಿ ಇದು. ಖಾನೆಯನ್ನು 10 ಮಿಲಿಸೆಕೆಂಡಿಗೆ ಏರಿಸಿ. ಪ್ರತಿ ಕೋಶದ ಸರಾಸರಿ ದರ, ಪ್ರತಿ ಪಕ್ಕದ ಜೋಡಿಯ ಸಂಬಂಧ, ಇವೆರಡಕ್ಕೆ ಮಾತ್ರ ಬದ್ಧವಾಗಿ, ಉಳಿದ ಎಲ್ಲದರಲ್ಲೂ ಆದಷ್ಟು ಅಸ್ತವ್ಯಸ್ತವಾದ ಮಾದರಿ ಕಟ್ಟಿ. ಇದನ್ನು ಮ್ಯಾಕ್ಸಿಮಮ್ ಎಂಟ್ರೊಪಿ ಮಾದರಿ ಎನ್ನುತ್ತಾರೆ. ಅದು ಹೇಳುವ ವಿನ್ಯಾಸಗಳ ಪ್ರಮಾಣವನ್ನು ನಿಜವಾಗಿ ಕಂಡದ್ದರ ಜೊತೆ ಹೋಲಿಸಿ. 2006ರಲ್ಲಿ ಶ್ಲೆನ್ಸ್, ಚಿಚಿಲ್ನಿಸ್ಕಿ ಮತ್ತು ಸಂಗಡಿಗರು ಮಕಾಕ್ ಪ್ಯಾರಸಾಲ್‌ಗಳ ಮೇಲೆ ಇದನ್ನೇ ಮಾಡಿದರು. ಪಕ್ಕದ ಮನೆ ಜೋಡಿಗಳಷ್ಟೇ ಸಾಕು, ಗುಂಪಿನ ವಿನ್ಯಾಸಗಳು ಅವುಗಳಿಂದಲೇ ಬರುತ್ತವೆ ಎಂದು ಕಂಡರು. 2009ರಲ್ಲಿ 100ಕ್ಕೂ ಹೆಚ್ಚು ಕೋಶಗಳ ಗುಂಪಿಗೂ ಇದನ್ನು ವಿಸ್ತರಿಸಿದರು.

ಒಂದು ಮಾತು. ನಿಮ್ಮ ಮಾದರಿ ಚೆನ್ನಾಗಿ ಹೊಂದಿತು ಎಂದು ಕುಣಿಯಬೇಡಿ. ಕೋಶಗಳು ಕಡಿಮೆ, ದರ ಕಡಿಮೆ, ಖಾನೆ ಚಿಕ್ಕದು ಆದಾಗ ಜೋಡಿ ಮಾದರಿ ಯಾವ ಡೇಟಾಗೂ ಹೊಂದುತ್ತದೆ. ಅದು ಗಣಿತದ ಗುಣ, ರೆಟಿನಾದ ಗುಣ ಅಲ್ಲ. ಕೋಶಗಳ ಸಂಖ್ಯೆ ಏರಿಸುತ್ತಾ ಹೋಗಿ, ಹೊಂದಿಕೆ ಎಲ್ಲಿ ಮುರಿಯುತ್ತದೆ ಎಂದು ನೋಡಿ.

## ಹಂತ 8: ಸಮಯವನ್ನೂ ಸೇರಿಸಿದ ಮಾದರಿ

ಮೇಲಿನ ಮಾದರಿಗೆ ಸಮಯದ ಹರಿವು ಗೊತ್ತಿಲ್ಲ. ಅದಕ್ಕೆ ಇನ್ನೊಂದು ಬೇಕು, ಜಿಎಲ್‌ಎಂ (ಜನರಲೈಸ್ಡ್ ಲೀನಿಯರ್ ಮಾಡೆಲ್) ಎಂದು ಕರೆಯುವುದು. ಪ್ರತಿ ಕೋಶಕ್ಕೂ ಮೂರು ಭಾಗ: ಕಿಂಡಿಯಿಂದ ಬಂದ ಬೆಳಕು, ತನ್ನದೇ ಹಿಂದಿನ ಸ್ಪೈಕ್‌ಗಳ ನೆನಪು, ನೆರೆಯವರ ಸ್ಪೈಕ್‌ಗಳ ಪ್ರಭಾವ. ಮೂರನ್ನೂ ಕೂಡಿ ಘಾತಾಂಕಕ್ಕೆ ಏರಿಸಿದರೆ ಆ ಕ್ಷಣದ ಸಿಡಿಯುವ ದರ. ಈ ಲೆಕ್ಕಕ್ಕೆ ಒಂದೇ ಶಿಖರ ಇರುವುದರಿಂದ ಕಂಪ್ಯೂಟರ್ ತಪ್ಪು ಗುಡ್ಡ ಹತ್ತುವುದಿಲ್ಲ.

ಕ್ರಮ ಮುಖ್ಯ. ಮೊದಲು ನೆರೆಯವರ ಭಾಗ ಇಲ್ಲದೆ ಕಟ್ಟಿ. ಆಮೇಲೆ ಸೇರಿಸಿ. ಎರಡನ್ನೂ ಕಟ್ಟುವಾಗ ಬಳಸದ ಡೇಟಾ ಮೇಲೆ ಹೋಲಿಸಿ. ಒಂದು ಕೋಶದ ಸರಾಸರಿ ದರವನ್ನು ಎರಡೂ ಮಾದರಿಗಳು ಒಂದೇ ಸಮ ಊಹಿಸುತ್ತವೆ. ಅಲ್ಲಿ ವ್ಯತ್ಯಾಸ ಹುಡುಕಿ "ನೆರೆಯವರಿಂದ ಪ್ರಯೋಜನ ಇಲ್ಲ" ಎನ್ನುವವರು ಬಹಳ. ವ್ಯತ್ಯಾಸ ಇರುವುದು ಜೋಡಿ ಗ್ರಾಫಿನಲ್ಲಿ, ಮತ್ತು ಒಂದೊಂದೇ ಸುತ್ತಿನ ಸ್ಪೈಕ್‌ಗಳನ್ನು ಊಹಿಸುವುದರಲ್ಲಿ.

ಎರಡು ತಪ್ಪುಗಳು ಪದೇ ಪದೇ ಕಾಣುತ್ತವೆ. ಮಾದರಿಯನ್ನು ಓಡಿಸಿದಾಗ ದರ ಏರುತ್ತಾ ಏರುತ್ತಾ ಸ್ಫೋಟಿಸುವುದು ಒಂದು. ನೆರೆಯವರು ಒಬ್ಬರನ್ನೊಬ್ಬರು ಕೆಣಕುತ್ತಾ ಹೋದದ್ದರ ಫಲ. ಸಣ್ಣ ಪ್ರಭಾವಗಳನ್ನು ಸೊನ್ನೆಗೆ ಎಳೆಯುವ ದಂಡವನ್ನು ಲೆಕ್ಕಕ್ಕೆ ಸೇರಿಸಿ, ದೂರದವರನ್ನು ಬಿಡಿ. ಇನ್ನೊಂದು ತಪ್ಪು ಗಂಭೀರ. ನೆರೆಯವರ ಪ್ರಭಾವದ ಗೆರೆಯನ್ನು ವೈರಿನ ನಕ್ಷೆ ಎಂದು ಓದುವುದು. ಆ ಗೆರೆ ಸಂಖ್ಯಾಶಾಸ್ತ್ರದ್ದು. ಹಂಚಿಕೊಂಡ ಗದ್ದಲವನ್ನು ನೇರವಾಗಿ ಸೇರಿಸಿದ ಮಾದರಿ ಕಟ್ಟಿದರೆ, ನೇರ ಜೋಡಣೆ ಇಲ್ಲದೆಯೂ ಅದೇ ಜೋಡಿ ಗ್ರಾಫ್ ಬಹುತೇಕ ಬರುತ್ತದೆ. ವೈರು ಇದೆಯೇ ಎಂಬ ಪ್ರಶ್ನೆಗೆ ಹಂತ 5ರ ಅಗಲ, ಕೋಶದೊಳಗಿನ ಅಳತೆ, ಇವೇ ಉತ್ತರ.

## ಹಂತ 9: ಈ ಹೊಂದಾಣಿಕೆಯಿಂದ ಚಿತ್ರ ಓದಲು ಏನಾದರೂ ಸಿಗುತ್ತದೆಯೇ

ಕೊನೆಯ ಪರೀಕ್ಷೆ ಉಲ್ಟಾ ದಿಕ್ಕಿನದು. ಸ್ಪೈಕ್‌ಗಳನ್ನು ಮಾತ್ರ ಕೊಟ್ಟು ಪರದೆಯಲ್ಲಿ ಏನಿತ್ತು ಎಂದು ಊಹಿಸಿ. ಒಮ್ಮೆ ಕೋಶಗಳಿಗೆ ಪರಸ್ಪರ ಸಂಬಂಧ ಇಲ್ಲ ಎಂದುಕೊಂಡ ಮಾದರಿಯಿಂದ, ಇನ್ನೊಮ್ಮೆ ನೆರೆಯವರನ್ನು ಸೇರಿಸಿದ ಮಾದರಿಯಿಂದ. ಪಿಲ್ಲೋ ಮತ್ತು ಸಂಗಡಿಗರು 2008ರಲ್ಲಿ 27 ಪ್ಯಾರಸಾಲ್ ಕೋಶಗಳ ಮೇಲೆ ಇದನ್ನು ಮಾಡಿದಾಗ, ಸಂಬಂಧವನ್ನು ಲೆಕ್ಕಕ್ಕೆ ಹಿಡಿದ ಓದಿಗೆ ಶೇಕಡಾ 20 ಜಾಸ್ತಿ ಮಾಹಿತಿ ಸಿಕ್ಕಿತು.

ನಿಮಗೆ 20ಕ್ಕಿಂತ ತುಂಬಾ ಜಾಸ್ತಿ ಬಂದರೆ ಮೊದಲು ಸೋರಿಕೆ ಹುಡುಕಿ. ಮಾದರಿ ಕಟ್ಟಲು ಬಳಸಿದ ಚಿತ್ರಗಳೇ ಪರೀಕ್ಷೆಗೂ ಬಂದಿರಬಹುದು. ಅದನ್ನು ಹಿಡಿಯಲು ಹಂತ 4ರ ಸುತ್ತು ಬದಲಿಸುವ ಉಪಾಯವೇ ಸಾಕು. ಒಬ್ಬೊಬ್ಬ ಕೋಶವನ್ನೂ ಬೇರೆ ಬೇರೆ ಸುತ್ತಿನಿಂದ ತಂದು ಸೇರಿಸಿ, ಅದೇ ಓದುವ ಮಾದರಿಗೆ ಕೊಡಿ. ಬೆಳಕು ಹಾಗೇ ಇದೆ, ಜೊತೆಗಾರಿಕೆ ಮುರಿದಿದೆ. ಈಗ ಆ ಹೆಚ್ಚಿನ ಶೇಕಡಾ ಮಾಯವಾಗಬೇಕು. ಮಾಯವಾಗದೆ ಹಾಗೇ ನಿಂತರೆ ಅದು ಕೋಶಗಳಿಂದ ಬಂದದ್ದಲ್ಲ, ನಿಮ್ಮ ಕೋಡಿನಿಂದ ಬಂದದ್ದು.